ಅಮ್ಮಾವ್ರ ಮಳೆ ಪುಸ್ತಕದಲ್ಲಿ ಎರಡು ಕಡಲಕುದುರೆ

ಮೀನಿನ ತೊಟ್ಟಿ ಕೊಳ್ಳಲು ಬಂದವರು ಬೆಲೆ ಕೇಳುವುದಕ್ಕೂ ಮೊದಲು ಇನ್ನೊಂದು ಕೇಳುತ್ತಾರೆ: "ಇವು ಎಷ್ಟು ದಿನ ಬದುಕ್ತವೆ?" ಇಪ್ಪತ್ತೆಂಟು ವರ್ಷ ಸಕಲೇಶಪುರದ ಅಂಗಡಿಯಲ್ಲಿ ನಿಂತು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. "ಚೆನ್ನಾಗಿ ನೋಡ್ಕೊಂಡ್ರೆ ಏಳೆಂಟು ವರ್ಷ" ಅನ್ನುತ್ತಿದ್ದೆ. ಎಲ್ಲ ಮೀನಿಗೂ ಅದೇ ಉತ್ತರ. ಕೇಳಿದವರು ತಲೆಯಾಡಿಸಿ ಕೊಂಡುಕೊಂಡು ಹೋಗುತ್ತಿದ್ದರು. ನನಗೆ ಅದು ಹೇಗೆ ಗೊತ್ತು ಅಂತ ಕೇಳಿದವರು ಒಬ್ಬರೇ.

ಈಗ ಮಂಡಿ ಹಿಡಿದುಕೊಂಡು ಕೆಲಸ ಬಿಟ್ಟಿದ್ದೇನೆ. ಆಲೂರಿನಲ್ಲಿ ಹೊಸದಾಗಿ ಅಂಗಡಿ ತೆರೆದಿರುವ ಅಕ್ಕತಂಗಿಯರಿಬ್ಬರು ಮೊನ್ನೆ ಮನೆಗೆ ಬಂದು, "ಅಂಕಲ್, ನಿಮ್ಮ ಕಾಲದ ಕೆಲಸ ಹೆಂಗಿತ್ತು ಅಂತ ಬರ್ಕೊಡಿ" ಅಂದರು. ತಿನ್ನುವ ಮೀನಿನ ಅಂಗಡಿಯಲ್ಲ, ನೋಡುವ ಮೀನಿನ ಅಂಗಡಿ. ಅವರ ಕೈಯಲ್ಲಿ ಮೊಬೈಲ್ ಇದೆ, ನೀರಿನ ಉಪ್ಪು ಹುಳಿ ಎಲ್ಲ ಹೇಳುವ ಕಡ್ಡಿಗಳಿವೆ. ನನ್ನಿಂದ ಕಲಿಯುವುದು ಏನಿದೆ ಅಂತ ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ, ಆ ಕಡ್ಡಿಗಳು ಹೇಳದ ಒಂದು ಸಂಗತಿ ನನ್ನ ಹತ್ತಿರ ಇದೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಗ್ಗೆಯವನು. ನಮ್ಮದು ಲಿಂಗ ಕಟ್ಟುವ ಒಕ್ಕಲು ಮನೆ, ಮೀನಿನ ವಾಸನೆ ಹೊಸಿಲು ದಾಟಿದ್ದಿಲ್ಲ. ನಾನು ಸಕಲೇಶಪುರಕ್ಕೆ ಬಂದದ್ದು ಗಾಜು ಕತ್ತರಿಸುವುದಕ್ಕೆ. ನಂಜಪ್ಪನವರ ಅಂಗಡಿಯಲ್ಲಿ ದೇವರ ಪಟಕ್ಕೆ, ಮದುವೆ ಫೋಟೋಕ್ಕೆ ಕಟ್ಟು ಹಾಕುವ ಕೆಲಸ. ಉಳಿದ ಗಾಜಿನ ತುಂಡುಗಳನ್ನು ಏನು ಮಾಡುವುದು ಅಂತ ಯೋಚಿಸಿ ಯೋಚಿಸಿ ಯಜಮಾನರು ಒಂದು ದಿನ ಮೀನಿನ ತೊಟ್ಟಿ ಮಾಡಿದರು. ಅವರೂ ಮೀನು ಮುಟ್ಟದ ಮನೆಯವರೇ. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಸಂದಿಗೆ ಲಪ್ಪ ಮೆತ್ತುತ್ತಿದ್ದೆವು. ಆರು ತಿಂಗಳಿಗೆ ಲಪ್ಪ ಬಿರುಕು ಬಿಟ್ಟು ನೀರು ಸೋರಿ ಗಿರಾಕಿಯ ಸೋಫಾ ನೆನೆಯುತ್ತಿತ್ತು. ಸಿಲಿಕಾನ್ ಅಂಟಿನ ಟ್ಯೂಬು ಬಂದ ವರ್ಷ ನಾವಿಬ್ಬರೂ ಅದಕ್ಕೆ ಊದುಬತ್ತಿ ಬೆಳಗುವುದೊಂದು ಬಾಕಿ.

ಶನಿವಾರ ಊರಿಗೆ ಹೋದರೆ ಅವ್ವ ನನ್ನನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದಳು. "ಕೈ ತೊಳ್ಕಂಡ್ ಬಾ ಒಳೀಕೆ. ಸೀಗೇಪುಡಿ ಹಚ್ಚಿ ತೊಳಿ. ಮೀನ್ ಮುಟ್ಟಿರ ಕೈ."

"ನಾನು ತಿನ್ನಕಿಲ್ಲ ಕಣವ್ವ, ಸಾಕ್ತೀನಿ."

"ಸಾಕೋನ್ ಕೈಗೂ ಅದೇ ವಾಸ್ನೆ ಕಣೋ."

ಕಸುಬಿನ ಮೊದಲ ಪಾಠ ನಂಜಪ್ಪನವರದು. ತೊಟ್ಟಿ ಮಾರಿದರೆ ಮುಗಿಯಲಿಲ್ಲ, ವಾರಕ್ಕೊಮ್ಮೆ ಹೋಗಿ ನೀರು ಬದಲಿಸಿ ಪಾಚಿ ಉಜ್ಜಿ ಬರುವುದು ನಮ್ಮದೇ ಕೆಲಸ. ಹೊರಡುವ ಮೊದಲು ಅವರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಐದಾರು ಮೀನು ಹಾಕಿ ನನ್ನ ಟಿವಿಎಸ್ ಹ್ಯಾಂಡಲಿಗೆ ಕಟ್ಟುತ್ತಿದ್ದರು. "ನೋಡೋ ಶಿವಣ್ಣ, ಸತ್ತ ಮೀನು ಗಿರಾಕಿ ಕಣ್ಣಿಗೆ ಬೀಳಬಾರ್ದು ಕಣೋ. ಎರಡು ಸಲ ಬಿತ್ತು ಅಂದ್ರೆ ಮೂರನೇ ವಾರಕ್ಕೆ ತೊಟ್ಟಿಯೊಳಗೆ ಈರುಳ್ಳಿ ತುಂಬ್ಬುಡ್ತಾನೆ." ಸತ್ತದ್ದನ್ನು ಜೇಬಿಗೆ ಹಾಕಿಕೊಂಡು ಅದೇ ಬಣ್ಣದ, ಅದೇ ಗಾತ್ರದ ಇನ್ನೊಂದನ್ನು ಬಿಡುವುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾನು ಇದನ್ನು ವರ್ಷಗಟ್ಟಲೆ ಮಾಡಿದೆ. ಆ ಕಾಲದಲ್ಲಿ ತೊಟ್ಟಿ ನೋಡಿಕೊಳ್ಳುವವರೆಲ್ಲ ಹೀಗೇ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಪೇಟೆಯ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಂದು ಚಿನ್ನದ ಮೀನಿತ್ತು. ಕಾಯುತ್ತ ಕೂತ ರೋಗಿಗಳಿಗೆ ಡಾಕ್ಟರು ಅದನ್ನು ತೋರಿಸಿ, "ಒಂಬತ್ತು ವರ್ಷದಿಂದ ಇದೊಂದೇ ಮೀನು ಕಣ್ರೀ. ಹೇಳಿದ ಹಾಗೆ ಮಾತ್ರೆ ನುಂಗಿದ್ರೆ ನೀವೂ ಹಿಂಗೇ ಇರ್ತೀರ" ಅನ್ನುತ್ತಿದ್ದರು. ನಾನು ಅಲ್ಲೇ ಪಾಚಿ ಉಜ್ಜುತ್ತ ನಿಂತಿರುತ್ತಿದ್ದೆ. ಅದು ಏಳನೆಯ ಮೀನೋ ಎಂಟನೆಯದೋ ನನಗೇ ಮರೆತುಹೋಗಿತ್ತು.

ಇನ್ನೊಂದು ಸಲ ಹೊಳೆಯಾಚೆಯ ಎಸ್ಟೇಟಿನಲ್ಲಿ ನನ್ನ ಬಕೆಟು ಒಡೆದುಹೋಗಿ ಅವರ ಸ್ಟೋರಿನಿಂದ ಒಂದನ್ನು ತೆಗೆದುಕೊಂಡೆ. ಕಾಫಿ ಗಿಡಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ಕಲಸಿದ ಬಕೆಟು. ಅಂಚಿನಲ್ಲಿ ನೀಲಿ ಬಣ್ಣ ಕಂಡಿತ್ತು, ಅದು ಬಕೆಟಿನ ಬಣ್ಣ ಅಂದುಕೊಂಡೆ. ಮರುದಿನ ಮಧ್ಯಾಹ್ನಕ್ಕೆ ಇಪ್ಪತ್ತೆರಡು ಮೀನೂ ಮೇಲೆ ತೇಲುತ್ತಿದ್ದವು. ಎರಡು ವರ್ಷ ಆರೈಕೆ ಮಾಡಿದ ತೊಟ್ಟಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಡುಗೆಯವರು ಅಂಗಡಿಗೆ ಫೋನ್ ಮಾಡಿದರು. ಸಾಹುಕಾರರು ಹಾಸನದಿಂದ ವಾಪಸು ಬರುವಷ್ಟರಲ್ಲಿ ನಂಜಪ್ಪನವರು ನನ್ನ ಕೈಯಲ್ಲಿ ಇಪ್ಪತ್ತೆರಡು ಮೀನು ಕೊಟ್ಟು ಓಡಿಸಿದರು. ಸಾಹುಕಾರರು ಬಂದು ನೋಡಿ, "ಇವತ್ತು ಚುರುಕಾಗವೆ, ಏನ್ ಹಾಕ್ದೆ?" ಅಂದರು. ಹೊಸಬರು ಇದರಿಂದ ಕಲಿಯಬೇಕಾದದ್ದು: ತೋಟದ ಮನೆಗೆ ಹೋಗುವಾಗ ಬಕೆಟು ನಿಮ್ಮದೇ ಇರಲಿ.

ಇಷ್ಟು ಹೇಳಿದ ಮೇಲೆ ಸರೋಜಮ್ಮನವರ ಕಥೆಗೆ ಬರಬಹುದು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಆನೇಮಹಲ್ ದಾಟಿ ಹೆದ್ದಾರಿ ಬಿಟ್ಟು ಎರಡು ಮೈಲಿ ಒಳಗೆ ಅವರ ಕಾಫಿ ತೋಟ. ಐವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬರೇ ನಡೆಸುತ್ತಿದ್ದರು. ಎಲ್ಲರೂ ಅಮ್ಮಾವ್ರು ಅಂತಲೇ ಕರೆಯುವುದು. ನಮ್ಮ ಕಡೆ ತೋಟದ ಮನೆಗಳಲ್ಲಿ ಅಂಗಳಕ್ಕೊಂದು ಮಳೆ ಅಳೆಯುವ ಡಬ್ಬಿ ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆ ಗಾಜಿಗೆ ಸುರಿದು ಇಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಇಷ್ಟು ಅಂತ ಪುಸ್ತಕದಲ್ಲಿ ಬರೆಯುವುದು ಪದ್ಧತಿ. ಸುಮಾರು ಮನೆಗಳಲ್ಲಿ ಅಂದಾಜಿಗೆ ಬರೆಯುತ್ತಾರೆ, ಮಳೆಗೆ ಬೇಜಾರಾಗಿ ಎರಡು ದಿನದ್ದು ಒಟ್ಟಿಗೆ ಬರೆಯುತ್ತಾರೆ. ಅಮ್ಮಾವ್ರು ಮಾತ್ರ ಜ್ವರ ಬಂದರೂ ಕಂಬಳಿ ಹೊದ್ದು ಹೋಗಿ ಅಳೆದು ಬರುತ್ತಿದ್ದರು.

ಅವರ ತಮ್ಮ ಕಡಲ ತೀರದ ಒಂದು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಅಲ್ಲಿ ತೊಟ್ಟಿಯಲ್ಲೇ ಕಡಲಕುದುರೆ ಮರಿ ಮಾಡಿಸುತ್ತಿದ್ದರಂತೆ. ಒಂದು ಜೊತೆಯನ್ನು ಅಕ್ಕನಿಗೆ ಕೊಡುತ್ತೇನೆ, ಗುಡ್ಡದ ತಂಪಿನಲ್ಲಿ, ಸಾಧಾರಣ ಮನೆಯ ತೊಟ್ಟಿಯಲ್ಲಿ ಹೇಗಿರುತ್ತವೆ ನೋಡಬೇಕು ಅಂದಿದ್ದರು. ಮೊದಲು ತೊಟ್ಟಿ ಮಾಡಲು ನನಗೆ ಕರೆ ಬಂತು. ಉದ್ದಕ್ಕಿಂತ ಎತ್ತರ ಹೆಚ್ಚಿರಬೇಕು, ನೀರಿನ ಸೆಳೆತ ಮೆದುವಾಗಿರಬೇಕು, ಬಾಲ ಸುತ್ತಿ ಹಿಡಿದುಕೊಳ್ಳಲು ಏನಾದರೂ ಇರಬೇಕು ಅಂತ ತಮ್ಮ ಚೀಟಿ ಕಳಿಸಿದ್ದರು. ನಾನು ಬುದ್ಧಿ ಉಪಯೋಗಿಸಿ ಒಣಗಿದ ಕಾಫಿ ರೆಂಬೆಯೊಂದನ್ನು ನಿಲ್ಲಿಸಿದೆ. ಮೂರನೇ ದಿನಕ್ಕೆ ತೊಟ್ಟಿಯ ನೀರು ಡಿಕಾಕ್ಷನ್ ಆಗಿತ್ತು. "ಹಾಲೂ ಸಕ್ರೇನೂ ನೀನೇ ಹಾಕ್ತೀಯೋ, ನಾವ್ ಹಾಕ್ಬೇಕೋ?" ಅಂತ ಅಮ್ಮಾವ್ರು ಕೇಳಿದರು. ರೆಂಬೆ ಕಿತ್ತು ನೈಲಾನ್ ಹಗ್ಗ ಕಟ್ಟಿದೆ.

ಉಪ್ಪುನೀರು ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರಬೇಕು. ಮೀನಿನ ಲಾರಿಯ ಮೋಣಪ್ಪ ಕ್ಯಾನುಗಳಲ್ಲಿ ತಂದು ಹೆದ್ದಾರಿಯಲ್ಲಿ ಇಳಿಸುತ್ತಿದ್ದ. "ಎಂತ ಮಾರಾಯ್ರೆ! ಲಾರಿ ತುಂಬ ಬಂಗುಡೆ ಉಂಟು, ನೀವು ಬರೀ ನೀರು ಇಳಿಸಿಕೊಳ್ಳುದಾ?" ಅಂತ ಪ್ರತಿ ಸಲವೂ ನಗುತ್ತಿದ್ದ. ನೀರಿನಲ್ಲಿ ಉಪ್ಪು ಸರಿಯಾಗಿದೆಯೋ ಇಲ್ಲವೋ ನೋಡಲು ಯಂತ್ರ ಎಲ್ಲಿಂದ ತರುವುದು? ಮಗ್ಗೆಯ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಲ್ಯಾಕ್ಟೋಮೀಟರ್ ಕಡ ತಂದೆ. ಕಡಲ ನೀರಿನಲ್ಲಿ ಬಿಟ್ಟರೆ ಇಪ್ಪತ್ತೈದು ತೋರಿಸಿತು. ಡೇರಿಯವರ ಲೆಕ್ಕದಲ್ಲಿ ಅದು ಸ್ವಲ್ಪ ನೀರು ಬೆರೆಸಿದ ಹಾಲು. ಆಷಾಢದಲ್ಲಿ ಬಂದ ಕ್ಯಾನಿನಲ್ಲಿ ಹನ್ನೆರಡು ತೋರಿಸಿದಾಗ ಮೋಣಪ್ಪನನ್ನು ಹಿಡಿದು ಕೇಳಿದೆ. ಕಡಲು ಉಕ್ಕುತ್ತಿದೆ ಅಂತ ಹೊಳೆ ಬಾಯಲ್ಲೇ ತುಂಬಿಸಿಕೊಂಡು ಬಂದಿದ್ದ. ಅಲ್ಲಿಂದ ಮುಂದೆ ಮಳೆಗಾಲಕ್ಕೆ ಬೇಕಾದ ಕಡಲ ನೀರನ್ನು ಬೇಸಿಗೆಯಲ್ಲೇ ತರಿಸಿ ಡ್ರಮ್ಮುಗಳಲ್ಲಿ ಮುಚ್ಚಿಡುತ್ತಿದ್ದೆವು.

ಕಡಲಕುದುರೆಗಳು ಬಂದದ್ದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಮಂಗಳೂರು ಬಸ್ಸಿನಲ್ಲಿ. ಆರು ತಿಂಗಳ ಮರಿಗಳು, ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ. ಕುದುರೆ ಮುಖ, ಕೋತಿ ಬಾಲ, ಬೆನ್ನ ಮೇಲೆ ಬೀಸಣಿಗೆಯಂಥ ಒಂದೇ ರೆಕ್ಕೆ. ಚೀಲ ಬಿಚ್ಚಿ ನೀರಿಗೆ ಬಿಟ್ಟಾಗ ಎರಡೂ ನೆಟ್ಟಗೆ ನಿಂತುಕೊಂಡೇ ಈಜಿ ಹೋಗಿ ಹಗ್ಗಕ್ಕೆ ಬಾಲ ಸುತ್ತಿದವು. ನನ್ನ ಕಸುಬಿನಲ್ಲಿ ಅಷ್ಟು ಬೆರಗಿನಿಂದ ಯಾವ ಮೀನನ್ನೂ ನೋಡಿರಲಿಲ್ಲ.

ಅಮ್ಮಾವ್ರು ಕೇಳಿದರು, "ಇವು ಎಷ್ಟು ದಿನ ಬದುಕ್ತವೆ ಶಿವಣ್ಣ?"

"ಚೆನ್ನಾಗಿ ನೋಡ್ಕೊಂಡ್ರೆ ಏಳೆಂಟು ವರ್ಷ, ಅಮ್ಮಾವ್ರೇ."

"ನೀನು ಎಷ್ಟು ಸಾಕಿದೀಯ?"

"ಇವೇ ಮೊದ್ಲು."

"ಮತ್ತೆ ಏಳೆಂಟು ಎಲ್ಲಿಂದ ಬಂತು?"

ಅವರೇ ಹೇಳಿದರು: "ನಮ್ ತಮ್ಮಂಗೇ ಗೊತ್ತಿಲ್ವಂತೆ. ಕಡಲಾಗೆ ಹಿಡಿದು ತಂದವು ಹುಟ್ಟಿದ ದಿನ ಯಾರಿಗೂ ಗೊತ್ತಿರಕಿಲ್ಲ. ಇವು ತೊಟ್ಟೀಲೇ ಹುಟ್ಟಿರೋವು, ದಿನ ಬರ್ದು ಕಳ್ಸವ್ನೆ. ಸಾಯೋ ದಿನ ಒಂದು ಸರಿಯಾಗಿ ಬರ್ಕೊಡಕ್ಕಾ ಅಂದವ್ನೆ. ಬರ್ದೇ ಬುಡಾನ." ಮಳೆ ಪುಸ್ತಕ ತೆಗೆದು, ಇಂಚು ಸೆಂಟಿನ ಪಕ್ಕದಲ್ಲಿ ಒಂದು ಗೆರೆ ಎಳೆದು, 'ಕುದುರೆ: ಎರಡೂ ಕ್ಷೇಮ' ಅಂತ ಬರೆದರು. ಪಕ್ಕದ ಕಪಾಟಿನಲ್ಲಿ ಸ್ಪಿರಿಟ್ ತುಂಬಿದ ಒಂದು ಬಾಟಲಿ ಇಟ್ಟರು. ಸತ್ತರೆ ಅದರಲ್ಲಿ ಹಾಕಿ ತಮ್ಮನಿಗೆ ಕಳಿಸಬೇಕು, ಏತಕ್ಕೆ ಸತ್ತಿತೆಂದು ಅವರು ನೋಡುತ್ತಾರೆ.

ಆವತ್ತು ಅಂಗಡಿಗೆ ವಾಪಸು ಬಂದವನು ಗಲ್ಲಾದ ಹಿಂದೆ ಕೂತು, ನಾನು ನೋಡಿಕೊಳ್ಳುವ ತೊಟ್ಟಿಗಳನ್ನು ಒಂದೊಂದೇ ನೆನೆಸಿಕೊಂಡೆ. ಯಾವ ಮೀನು ಎಷ್ಟು ದಿನ ಇತ್ತು? ಒಂದೂ ಗೊತ್ತಾಗಲಿಲ್ಲ. ಎಲ್ಲ ಕಡೆಯೂ ಸತ್ತದ್ದನ್ನು ಬದಲಿಸಿ ಬದಲಿಸಿ, ಆಯಸ್ಸೆಂಬುದನ್ನೇ ನಾವು ಅಳಿಸಿ ಹಾಕಿದ್ದೆವು. ಹತ್ತು ವರ್ಷ ಮೀನಿನ ಜೊತೆಯಲ್ಲೇ ಇದ್ದು ಮೀನಿನ ಬಗ್ಗೆ ಇಷ್ಟೂ ತಿಳಿದಿಲ್ಲವಲ್ಲ ಅಂತ ಮೊದಲ ಸಲ ಅನ್ನಿಸಿತು. ಅಲ್ಲಿಂದ ಮುಂದೆ ಅಮ್ಮಾವ್ರ ಪಾಳಿಯ ಬುಧವಾರ ಬಂತೆಂದರೆ ನನಗೆ ಅವರ ಬಂಗಲೆಗೆ ಹೋಗುವ ಆತುರ.

ನೋಡಲು ಏನೆಲ್ಲ ಇತ್ತು! ಮಂಜುಗಡ್ಡೆಯಲ್ಲಿ ಬಂದ ಪುಡಿ ಸೀಗಡಿಯನ್ನು ಕತ್ತರಿಸಿ ಹಾಕಿದರೆ, ಮೂತಿ ಹತ್ತಿರ ತಂದು, ಒಂದು ಕಣ್ಣನ್ನು ಅತ್ತ ಒಂದು ಕಣ್ಣನ್ನು ಇತ್ತ ತಿರುಗಿಸಿ ಯೋಚನೆ ಮಾಡಿ, ಟಿಕ್ ಅಂತ ಎಳೆದುಕೊಳ್ಳುತ್ತಿದ್ದವು. ಗಾಜಿಗೆ ಕಿವಿ ಕೊಟ್ಟರೆ ಆ ಸದ್ದು ಕೇಳುತ್ತಿತ್ತು. ತೊಟ್ಟಿಯಲ್ಲಿ ಹುಟ್ಟಿ ಬೆಳೆದವಾದ್ದರಿಂದ ಸತ್ತ ತೀನಿ ತಿನ್ನುವುದು ಅವಕ್ಕೆ ಮೊದಲಿನಿಂದ ರೂಢಿ. ದಿನಾ ಬೆಳಿಗ್ಗೆ ಎರಡೂ ಹತ್ತಿರ ಬಂದು, ಮೈ ಬಣ್ಣ ತಿಳಿಯಾಗಿಸಿಕೊಂಡು, ಒಂದೇ ಹಗ್ಗಕ್ಕೆ ಬಾಲ ಸುತ್ತಿ ಐದಾರು ನಿಮಿಷ ಗಿರಗಿರ ಸುತ್ತುತ್ತಿದ್ದವು. ಆಮೇಲೆ ತಮ್ಮ ತಮ್ಮ ಮೂಲೆಗೆ. ಮಳೆ ಅಳೆದು ಬಂದ ಅಮ್ಮಾವ್ರು ಕಾಫಿ ಲೋಟ ಹಿಡಿದು ಅದನ್ನು ನೋಡುತ್ತ ಕೂರುತ್ತಿದ್ದರು. "ಗಂಡ ಹೆಂಡ್ತಿ ಮಾತಾಡ್ಕೊಂಡವೆ ಕಣಯ್ಯ ಇವತ್ತು" ಅನ್ನುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಗಂಡು ಬಸುರಾಯಿತು. ಕಡಲಕುದುರೆಯಲ್ಲಿ ಮೊಟ್ಟೆ ಇಡುವುದು ಹೆಣ್ಣಾದರೂ ಹೊಟ್ಟೆಚೀಲದಲ್ಲಿ ಹೊತ್ತು ಹೆರುವುದು ಗಂಡು. ಕೂಲಿ ಲೈನಿನ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಲು ಬಂದರು. ಅಡುಗೆಯ ಪುಟ್ಟಮ್ಮ, "ನಮ್ಮನೆಯೋರ್ನೂ ಕರ್ಕಂಡ್ ಬಂದು ತೋರ್ಸ್ತೀನಿ ಇರಿ" ಅಂದಳು. ಮರಿಗಳೇನೋ ಹುಟ್ಟಿದವು, ಜೀರಿಗೆ ಗಾತ್ರದವು ನೂರಾರು. ನಾಲ್ಕೇ ದಿನದಲ್ಲಿ ಒಂದೂ ಉಳಿಯಲಿಲ್ಲ. ಅಷ್ಟು ಸಣ್ಣ ಬಾಯಿಗೆ ಕೊಡುವ ತೀನಿ ನಮ್ಮ ಹತ್ತಿರ ಇರಲಿಲ್ಲ. ಅಮ್ಮಾವ್ರು ಪ್ರತಿ ದಿನದ ಸಾವನ್ನೂ ಬರೆದರು.

ಅದರ ಮುಂದಿನ ಮಳೆಗಾಲದಲ್ಲಿ ಅಮ್ಮಾವ್ರಿಗೆ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಒಂದು ತಿಂಗಳು ಅಲ್ಲೇ ಅವರ ಅಕ್ಕನೊಬ್ಬರ ಮನೆಯಲ್ಲಿದ್ದರು. ಮಳೆ ಪುಸ್ತಕವನ್ನು ತೋಟದ ಲೆಕ್ಕ ಬರೆಯುವ ರೈಟರಿಗೆ, ತೀನಿಯನ್ನು ಪುಟ್ಟಮ್ಮನಿಗೆ, ಕುದುರೆಗಳನ್ನು ನನಗೆ ಒಪ್ಪಿಸಿ ಹೋಗಿದ್ದರು. ಆ ತಿಂಗಳಲ್ಲೇ ನನ್ನ ತಂಗಿಯ ಮದುವೆ. ಒಂದು ಬುಧವಾರ ಮದುವೆಗೆ ಹೋಯಿತು, ಇನ್ನೊಂದು ಬುಧವಾರ ರಸ್ತೆಗೆ ಮರ ಬಿದ್ದು ಹೋಯಿತು. ಒಟ್ಟು ಹದಿನೆಂಟು ದಿನ ನಾನು ಹೋಗಲಿಲ್ಲ.

ಹತ್ತೊಂಬತ್ತನೇ ದಿನ ಹೋಗಿ ನೋಡಿದರೆ ಹೆಣ್ಣು ಹಗ್ಗಕ್ಕೆ ಸುತ್ತಿಕೊಂಡಿತ್ತು. ಗಂಡು ಕಾಣಲಿಲ್ಲ. ಕಲ್ಲುಗಳ ಹಿಂದೆ ಕೈ ಹಾಕಿದೆ. ಮೂಳೆಯ ಗೂಡಿನಂತೆ ಒಂದು ಬಾಲ, ಅರ್ಧ ಮೈ ಸಿಕ್ಕಿತು. ಪುಟ್ಟಮ್ಮನನ್ನು ಕೇಳಿದರೆ, "ಎಲ್ಡೂ ಇದ್ವಪ್ಪ ಮೊನ್ನೆ ತನ್ಕ. ಒಂದು ಬಚ್ಚಿಟ್ಕಂಡೈತೆ ಅನ್ಕಂಡೆ" ಅಂದಳು. ಪುಸ್ತಕ ತೆಗೆದು ನೋಡಿದೆ. ರೈಟರ್ ಆಫೀಸಿನಲ್ಲೇ ಕೂತು ಹದಿನೆಂಟು ದಿನವೂ 'ಎರಡೂ ಕ್ಷೇಮ' ಅಂತ ದುಂಡಗೆ ಬರೆದಿದ್ದರು.

ಆಗ ನಾನು ಮಾಡಬೇಕಾದದ್ದು ಸ್ಪಿರಿಟ್ ಬಾಟಲಿಗೆ ಅದನ್ನು ಹಾಕಿ, ಮಂಗಳೂರಿಗೆ ಫೋನ್ ಮಾಡುವುದು. ಬಾಟಲಿ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ನಾನು ಮಾಡಿದ್ದು ಹತ್ತು ವರ್ಷದ ರೂಢಿಯ ಕೆಲಸ. ಅದನ್ನು ಜೇಬಿಗೆ ಹಾಕಿಕೊಂಡು ಹೋಗಿ ಕಾಫಿ ಗಿಡಗಳ ಬುಡಕ್ಕೆ ಎಸೆದೆ. ಆಪರೇಷನ್ ಆದವರಿಗೆ ಈ ಸುದ್ದಿ ಯಾಕೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹದಿನೆಂಟು ದಿನ ಎಲ್ಲಿದ್ದೆ ಅಂತ ಅವರು ಕೇಳುವ ಪ್ರಶ್ನೆಗೆ ಹೆದರಿದ್ದೆ.

ಮೋಣಪ್ಪನಿಗೆ ಹೇಳಿಕಳಿಸಿದೆ. ಬಲೆಗೆ ಬಿದ್ದ ಕಡಲಕುದುರೆಗಳನ್ನು ಒಣಗಿಸಿ ಮಾರುತ್ತಿದ್ದ ಕಾಲ ಅದು. "ನಿಮಗೆ ಜೀವ ಇರುದೇ ಆಗ್ಬೇಕಾ ಮಾರಾಯ್ರೆ?" ಅಂತ ಕೇಳಿದರೂ ವಾರದೊಳಗೆ ಮೂರು ತಂದ. ಎರಡು ಘಾಟಿಯಲ್ಲೇ ಸತ್ತಿದ್ದವು. ಉಳಿದದ್ದು ಗಂಡೇ, ಬಣ್ಣವೂ ಹೆಚ್ಚು ಕಡಿಮೆ ಅದೇ. ತೊಟ್ಟಿಗೆ ಬಿಟ್ಟೆ. ನಾಲ್ಕು ದಿನದ ಮೇಲೆ ಅಮ್ಮಾವ್ರು ಕಾರಿನಿಂದ ಮೆಲ್ಲಗೆ ಇಳಿದು, ಹೊಟ್ಟೆ ಹಿಡಿದುಕೊಂಡೇ ಬಂದು ತೊಟ್ಟಿಯ ಮುಂದೆ ನಿಂತರು. "ಎರಡೂ ಅವೆ" ಅಂದರು. ಅವರ ಮುಖದಲ್ಲಿದ್ದ ಸಮಾಧಾನ ನನಗೆ ಇವತ್ತಿಗೂ ಚುಚ್ಚುತ್ತದೆ.

ಆದರೆ ಕಡಲಿನದು ಕಡಲಿನದೇ. ಸತ್ತ ಸೀಗಡಿಯ ಕಡೆ ಅದು ತಿರುಗಿಯೂ ನೋಡಲಿಲ್ಲ. ನಾನು ಹೇಮಾವತಿಯಲ್ಲಿ ಗೋರಿದ ಜೀವಂತ ಪುಡಿ ಸೀಗಡಿಯನ್ನು ಹೋದಾಗಲೆಲ್ಲ ಕದ್ದುಮುಚ್ಚಿ ತೊಟ್ಟಿಗೆ ಬಿಡುತ್ತಿದ್ದೆ, ಅದರಲ್ಲಿ ಜೀವ ಹಿಡಿದಿತ್ತು. ಬೆಳಗಿನ ಸುತ್ತಾಟ ನಿಂತೇ ಹೋಯಿತು. ಹೊಸದು ಹತ್ತಿರ ಬಂದರೆ ಹೆಣ್ಣು ಹಗ್ಗ ಬಿಟ್ಟು ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಅಮ್ಮಾವ್ರು ಪುಸ್ತಕದಲ್ಲಿ ಬರೆಯತೊಡಗಿದರು: 'ಇವತ್ತೂ ಮಾತಾಡಲಿಲ್ಲ.' ಮರುದಿನವೂ ಅದೇ. ಹನ್ನೊಂದು ದಿನ ಹಾಗೇ ಬರೆದು ತಮ್ಮನಿಗೆ ಫೋನ್ ಮಾಡಿದರು. ತಮ್ಮ ಎಲ್ಲ ಕೇಳಿಸಿಕೊಂಡು, ಗಂಡಿನ ಹೊಟ್ಟೆಯಲ್ಲಿ ಹುಳು ಇರಬಹುದು, ಹೆಣ್ಣಿಗೂ ಹತ್ತಿರಬಹುದು, ಎರಡನ್ನೂ ಔಷಧಿ ನೀರಿನಲ್ಲಿ ಬಿಡಬೇಕು ಅಂದರು. ಬಸ್ಸಿನಲ್ಲಿ ಬಾಟಲಿ ಬಂತು. ಜೊತೆಗಿದ್ದ ಚೀಟಿಯಲ್ಲಿ, ಒಂದು ಹನಿ ಹೆಚ್ಚಾದರೂ ಮೀನು ಹೋಗಬಹುದು, ಬೇರೆ ದಾರಿ ಇಲ್ಲ ಅಂತ ಇತ್ತು.

ಬುಧವಾರ ಬೆಳಿಗ್ಗೆ ಅಮ್ಮಾವ್ರು ಹನಿ ಹಾಕುವ ನಳಿಗೆಯನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ತೊಟ್ಟಿಯಲ್ಲಿ ಹೆಣ್ಣು ನನ್ನ ಕೈಯ ನೆರಳು ಕಂಡು ತೀನಿ ಬಂತೆಂದು ಮೇಲಕ್ಕೆ ಬಂತು. ಕಾಯಿಲೆಯಿಲ್ಲದ ಪ್ರಾಣಿ. ನನ್ನ ಸುಳ್ಳಿಗೆ ಅದಕ್ಕೆ ವಿಷ ಹಾಕಬೇಕು. ನಳಿಗೆ ಕೆಳಗಿಟ್ಟೆ.

"ಅಮ್ಮಾವ್ರೇ, ಇವುಕ್ಕೆ ಏನೂ ಕಾಯ್ಲೆ ಇಲ್ಲ. ಈ ಗಂಡು ನಿಮ್ದಲ್ಲ. ನಿಮ್ದು ಹೋಗ್ಬುಡ್ತು. ನೀವು ಮಂಗ್ಳೂರಲ್ಲಿದ್ದಾಗ. ನಾನೇ ಬೇರೇದು ತಂದು ಬುಟ್ಟೆ."

ಬೈಯುತ್ತಾರೆ, ಕೂಗುತ್ತಾರೆ ಅಂದುಕೊಂಡಿದ್ದೆ. ಅವರು ತೊಟ್ಟಿಯನ್ನೇ ನೋಡುತ್ತ ಕೇಳಿದರು: "ಯಾವ ದಿನ?"

"ಗೊತ್ತಿಲ್ಲ. ಹದಿನೆಂಟು ದಿನ ನಾನು ಬಂದಿರ್ಲಿಲ್ಲ. ಅದ್ರೊಳಗೆ ಯಾವತ್ತೋ..."

"ಯಾವತ್ತೋ ಅನ್ನೋ ತಾರೀಕು ಯಾವ ಕ್ಯಾಲೆಂಡರ್‌ನಾಗೈತೆ ಶಿವಣ್ಣ?"

ಕಪಾಟಿನ ಬಾಟಲಿಯ ಕಡೆ ನೋಡಿದರು. ನಾನು "ಎಸೆದ್ಬುಟ್ಟೆ" ಅಂದೆ.

ಅವರು ಎದ್ದು ಒಳಗಿನಿಂದ ಒಂದು ಹಳೆಯ ಮಳೆ ಪುಸ್ತಕ ತಂದು ನನ್ನ ಮುಂದೆ ಬಿಡಿಸಿದರು. ಸಾಲಾಗಿ ತಾರೀಕುಗಳು, ಮುಂದೆ ಏನೂ ಬರೆದಿಲ್ಲ. "ನಮ್ಮನೆಯೋರು ಹೋದಾಗ ಹದಿನೈದು ದಿನ ಯಾರೂ ಮಳೆ ಅಳೀಲಿಲ್ಲ. ಪಕ್ಕದ ತೋಟದ್ದು ನೋಡಿ ತುಂಬ್ಸ್ಕೋ ಅಂದ್ರು ಎಲ್ರೂ. ತುಂಬಿಸ್ಲಿಲ್ಲ ಕಣಯ್ಯ. ಗೊತ್ತಿಲ್ದೇ ಇರೋದನ್ನ ಖಾಲಿ ಬುಡಬೋದು. ನೀನು ಖಾಲಿ ಬುಡ್ದೆ ಸುಳ್ಳು ತುಂಬ್ಸಿದೆ. ನಾನೂ ನನ್ ಕೈಯಾರೆ ದಿನಾ ಬರ್ದೆ." ಅಷ್ಟು ಹೇಳುವಾಗ ಅವರ ಕಣ್ಣು ತುಂಬಿತು. ನಾನು ಅಳುತ್ತಿದ್ದೆ. ಕಸುಬಿನಲ್ಲಿ ನಷ್ಟ, ಬೈಗುಳ ಎಲ್ಲ ನೋಡಿದ್ದೆ. ನಾಚಿಕೆಯನ್ನು ಆವತ್ತು ನೋಡಿದೆ.

ಮನೆಗೆ ಹೋಗು, ಮತ್ತೆ ಬರಬೇಡ ಅಂದಿದ್ದರೆ ಬದುಕಿದೆ ಅನ್ನಿಸುತ್ತಿತ್ತು. ಅವರು ಹೇಳಿದ್ದು ಬೇರೆ: "ಔಷ್ದಿ ಮುಚ್ಚಿಡು. ನಾಳೆಯಿಂದ ವಾರಕ್ಕೊಂದ್ಸಲ ಬೇಡ, ದಿನಾ ಬಾ. ಈ ಹೆಣ್ಣು ಇರೋವರ್ಗೂ."

ನಂಜಪ್ಪನವರು ಕೇಳಿ ಹಣೆ ಚಚ್ಚಿಕೊಂಡರು. "ಒಂದು ಮೀನಿಗೆ ದಿನಾ ಹೋಯ್ತೀಯಾ? ತಲೆ ಕೆಟ್ಟೈತೇನೋ?" ನಾನು ಹೋದೆ. ಅಷ್ಟೇ ಅಲ್ಲ, ಬದಲಿ ಮೀನಿನ ಚೀಲವನ್ನು ಟಿವಿಎಸ್ಸಿಗೆ ಕಟ್ಟಲು ಅವರಿಗೆ ಬಿಡಲಿಲ್ಲ. ಸತ್ತರೆ ಸತ್ತಿತೆಂದು ಗಿರಾಕಿಗೆ ಹೇಳತೊಡಗಿದೆ. ನಾಲ್ಕು ಮನೆಯವರು ನಮ್ಮನ್ನು ಬಿಟ್ಟರು. ಒಂದು ತೊಟ್ಟಿಗೆ ನಿಜವಾಗಿಯೂ ಈರುಳ್ಳಿ ತುಂಬಿದರು. ಡಾಕ್ಟರ ಹತ್ತಿರ ಹೋಗಿ ಕೈಕಟ್ಟಿ ನಿಂತು, ಇದು ಒಂಬತ್ತು ವರ್ಷದ ಮೀನಲ್ಲ ಅಂತ ಹೇಳಿದೆ. ಅವರು ಬಾಗಿಲ ಕಡೆ ನೋಡಿ, "ಮೆಲ್ಲಗೆ ಮಾತಾಡೋ ಮಾರಾಯ! ಹೊರಗೆ ಪೇಷೆಂಟ್ಸ್ ಅವ್ರೆ" ಅಂದರು. ಮರುವಾರದಿಂದ ಆ ಮೀನಿನ ವಯಸ್ಸು ಹೇಳುವುದನ್ನು ಬಿಟ್ಟರು.

ಕಡಲಿಂದ ತಂದ ಗಂಡು ನಲವತ್ತೇಳು ದಿನ ಇತ್ತು. ಅದರ ಹುಟ್ಟಿದ ದಿನದ ಜಾಗ ಖಾಲಿ ಬಿಟ್ಟು, ಸತ್ತ ದಿನವನ್ನು ಅಮ್ಮಾವ್ರು ಬರೆದರು. ಹೆಣ್ಣು ಒಂಟಿಯಾಗಿ ಎರಡು ವರ್ಷಕ್ಕೂ ಹೆಚ್ಚು ಬದುಕಿತು. ದಿನಾ ಹೋಗುತ್ತಿದ್ದರಿಂದ ಅದು ಮುದಿಯಾಗುವುದನ್ನು ನಾನು ನೋಡಿದೆ. ಕರೆಂಟು ಹೋದಾಗ ನಾವಿಬ್ಬರೂ ಸರದಿಯ ಮೇಲೆ ಚೊಂಬಿನಿಂದ ನೀರು ಎತ್ತಿ ಹುಯ್ದು ಗಾಳಿಯಾಡಿಸಿದ್ದೇವೆ. ಟಿಕ್ ಅಂತ ಎಳೆಯುವುದು ಮೊದಲು ಗುರಿ ತಪ್ಪತೊಡಗಿತು, ಒಂದು ಚೂರಿಗೆ ಮೂರು ಸಲ ಎಳೆಯಬೇಕು. ಮೈಯ ಉಂಗುರಗಳು ಎದ್ದು ಕಂಡವು. ಬಾಲದ ಹಿಡಿತ ಸಡಿಲವಾಯಿತು. ಮೀನೂ ಮುದಿಯಾಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನನ್ನ ತೊಟ್ಟಿಗಳಲ್ಲಿ ಮುದಿಯಾಗಲು ನಾನು ಯಾವ ಮೀನಿಗೂ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ನಾನು ಹೋದಾಗ ಅಮ್ಮಾವ್ರು ತೊಟ್ಟಿಯ ಮುಂದೆ ಕೂತಿದ್ದರು. ಹೆಣ್ಣು ತಳದಲ್ಲಿ ಮಲಗಿತ್ತು, ಕಿವಿರು ಆಗೊಮ್ಮೆ ಈಗೊಮ್ಮೆ ಆಡುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ನಿಂತಿತು. ಅವರು ಪುಸ್ತಕವನ್ನು ನನ್ನ ಕಡೆ ತಳ್ಳಿ, "ನೀನೇ ಬರಿ" ಅಂದರು. ಬರೆದೆ. ಹುಟ್ಟಿದ ದಿನದಿಂದ ಎಣಿಸಿದರೆ ನಾಲ್ಕು ವರ್ಷ ಎರಡು ತಿಂಗಳು ಒಂಬತ್ತು ದಿನ. ಅವರು ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿ ನೋಡಿ, ಸರಿ ಅಂದರು. ಅದನ್ನು ಸ್ಪಿರಿಟ್ ಬಾಟಲಿಗೆ ನಾನೇ ಹಾಕಿ, ನಾನೇ ಮಂಗಳೂರು ಬಸ್ಸಿಗೆ ಕೊಟ್ಟು ಬಂದೆ.

ಆ ಹೊತ್ತಿಗೆ ಕಾನೂನೂ ಬಂತು. ಈಗ ಕಡಲಕುದುರೆ ಹಿಡಿಯುವುದು, ಮಾರುವುದು ಅಪರಾಧ. ಯಾರಾದರೂ ತಂದುಕೊಡುತ್ತೇನೆಂದರೆ ನೀವು ಬೇಡ ಅನ್ನಿ. ತೊಟ್ಟಿಯಲ್ಲಿ ಹುಟ್ಟಿದವು ಮನೆಯಲ್ಲಿ ಎಷ್ಟು ದಿನ ಬದುಕುತ್ತವೆ ಎಂದು ಕೇಳಿದರೆ ತಿಳಿದವರು ನಾಲ್ಕೈದು ವರ್ಷ ಅನ್ನುತ್ತಾರೆ. ನಾನು ಒಂದು ಮೀನಿನದು ಮಾತ್ರ ಹೇಳುತ್ತೇನೆ, ದಿನದ ಸಮೇತ. ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ ನನಗೆ ಖಂಡಿತ ಗೊತ್ತಿರುವ ಆಯಸ್ಸು ಅದೊಂದೇ.

ಕೆಲವು ತಿಂಗಳ ಮೇಲೆ ಅಮ್ಮಾವ್ರ ತಮ್ಮ ಅಚ್ಚು ಹಾಕಿದ ಒಂದು ಹಾಳೆ ಕಳಿಸಿದರು. ಅವರ ತೊಟ್ಟಿಯಲ್ಲಿ ಹುಟ್ಟಿ ಬೇರೆ ಬೇರೆ ಕಡೆ ಬೆಳೆದ ಕಡಲಕುದುರೆಗಳ ಪಟ್ಟಿ. ನಮ್ಮ ಜೋಡಿ ಕೊನೆಯಲ್ಲಿತ್ತು. ಅಮ್ಮಾವ್ರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ತೋರಿಸಿದರು. ಹೆಣ್ಣಿನ ಮುಂದೆ ವರ್ಷ, ತಿಂಗಳು, ದಿನ. ಅದರ ಕೆಳಗೆ ಗಂಡಿನ ಮುಂದೆ ಒಂದು ಸಣ್ಣ ಅಡ್ಡಗೆರೆ. ಓದುವವರು ಯಾರೂ ಅದರ ಮೇಲೆ ಕಣ್ಣು ನಿಲ್ಲಿಸಲಾರರು. ಆ ಗೆರೆ ನಾನು ಎಳೆದದ್ದು.